ಡ್ರಮ್‌ನಲ್ಲಿ ಮುಳುಗಿದ ಪೈಪು: ನಮ್ಮ ಮನೆಯ ನೀರು ಊರಿನ ನಲ್ಲಿಗೆ ವಾಪಸ್ ಹೋಗಬಹುದೇ?

ತ್ಯಾವರೆಕೊಪ್ಪ ಎಂದರೆ ಹೊರಗಿನವರಿಗೆ ಹುಲಿ-ಸಿಂಹಧಾಮ. ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ರಸ್ತೆಯಲ್ಲಿ ಅದರ ಬೋರ್ಡು ನೋಡಿದವರೇ ಹೆಚ್ಚು. ನನಗೆ ಮಾತ್ರ ತ್ಯಾವರೆಕೊಪ್ಪ ಎಂದರೆ ಚಿಕ್ಕಪ್ಪನ ಮನೆ, ಅಂಗಳದ ನಲ್ಲಿ ಮತ್ತು ಅದರ ಪಕ್ಕದ ಪ್ಲಾಸ್ಟಿಕ್ ಡ್ರಮ್ಮು.

ಮಳೆಗಾಲ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಹೊಡೆಯುವ ತಯಾರಿ ನಡೆದಿತ್ತು. ಚಿಕ್ಕಪ್ಪ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿ, ನಲ್ಲಿಗೆ ಸಿಕ್ಕಿಸಿದ ಹಸಿರು ಪೈಪಿನ ತುದಿಯನ್ನು ಅದರೊಳಗೆ ಇಳಿಬಿಟ್ಟು ಕಾಫಿ ಕುಡಿಯಲು ಒಳಗೆ ಹೋದರು. ಅಷ್ಟರಲ್ಲಿ ನೀರು ನಿಂತಿತು. ಹಳ್ಳಿಯ ನಲ್ಲಿ, ನಿಲ್ಲುವುದು ಹೊಸದೇನಲ್ಲ. ನಾವು ಹೊರಗೆ ಬಂದು ನೋಡಿದರೆ ಡ್ರಮ್ಮಿನ ಒಳಗೋಡೆಯಲ್ಲಿ ಒದ್ದೆಯಾದ ನೀಲಿ ಗೆರೆ ಮೇಲಿದೆ, ನೀರು ಅದಕ್ಕಿಂತ ನಾಲ್ಕು ಬೆರಳು ಕೆಳಗಿದೆ.

‘ಚಿಕ್ಕಪ್ಪ, ನೀರು ಎಲ್ಲಿಗೆ ಹೋಯ್ತು?’

‘ಡ್ರಮ್ಮು ಸೋರ್ತಿದೆಯೇನೋ, ನೋಡು.’

ಸುತ್ತ ನೆಲ ಒಣಗಿತ್ತು. ಡ್ರಮ್ಮು ಗಟ್ಟಿಯಾಗಿತ್ತು. ನೀರು ಹೋಗಲು ಇದ್ದ ದಾರಿ ಒಂದೇ, ಅದು ಬಂದ ದಾರಿ. ಮೈಲುತುತ್ತದ ನೀರು ಪೈಪು ಹತ್ತಿ, ನಲ್ಲಿ ದಾಟಿ, ಬೀದಿಯ ಕೊಳವೆಗೆ ಇಳಿದಿತ್ತು. ಆ ಕೊಳವೆಯಲ್ಲಿ ನಮ್ಮ ನಂತರ ಇನ್ನೂ ನಾಲ್ಕು ಮನೆಗಳಿದ್ದವು.

ಈ ಲೇಖನದ ವಿಷಯ ಅದೇ. ‘ನಲ್ಲಿ ನೀರು ಒಂದೇ ಕಡೆಗೆ ಹರಿಯುತ್ತದೆ, ಟ್ಯಾಂಕಿನಿಂದ ಮನೆಗೆ’ ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆ ಅರ್ಧ ಮಾತ್ರ ನಿಜ.

ನೀರಿಗೆ ದಿಕ್ಕು ಗೊತ್ತಿಲ್ಲ, ಒತ್ತಡ ಗೊತ್ತು

ಕೊಳವೆಯಲ್ಲಿ ನೀರು ಹೆಚ್ಚು ಒತ್ತಡ ಇರುವ ಕಡೆಯಿಂದ ಕಡಿಮೆ ಒತ್ತಡ ಇರುವ ಕಡೆಗೆ ಹರಿಯುತ್ತದೆ. ಇದಿಷ್ಟೇ ನಿಯಮ. ಊರಿನ ಓವರ್‌ಹೆಡ್ ಟ್ಯಾಂಕು ಎತ್ತರದಲ್ಲಿರುವುದರಿಂದ ಸಾಮಾನ್ಯವಾಗಿ ಬೀದಿಯ ಕೊಳವೆಯಲ್ಲಿ ಒತ್ತಡ ಹೆಚ್ಚು, ನೀರು ಮನೆಯ ಕಡೆ ಬರುತ್ತದೆ. ಬೀದಿಯ ಒತ್ತಡ ಬಿದ್ದುಹೋದರೆ ಅದೇ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ತಡೆಯಲು ಅಲ್ಲಿ ಬೇರೆ ಯಾರೂ ಇಲ್ಲ.

ಡ್ರಮ್ಮಿನಿಂದ ಡೀಸೆಲ್ ತೆಗೆಯುವುದನ್ನು ನೀವು ನೋಡಿರಬಹುದು. ಪೈಪಿನ ಒಂದು ತುದಿ ಡೀಸೆಲ್‌ನಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಒಮ್ಮೆ ಎಳೆದು ಕೆಳಗೆ ಬಿಟ್ಟರೆ ಸಾಕು, ಡೀಸೆಲ್ ತಾನಾಗಿ ಡ್ರಮ್ಮಿನ ಅಂಚು ಹತ್ತಿ ಇಳಿಯುತ್ತದೆ. ಬಾಯಿ ಡೀಸೆಲ್ ಎಳೆದಂತೆ ಕಂಡರೂ, ಅದನ್ನು ಮೇಲಕ್ಕೆ ತಳ್ಳುವುದು ಡ್ರಮ್ಮಿನೊಳಗಿನ ದ್ರವದ ಮೇಲೆ ಸದಾ ಒತ್ತುತ್ತಿರುವ ಗಾಳಿ. ಈ ಗಾಳಿಯ ಒತ್ತಡ ನೀರನ್ನು ಸುಮಾರು 10 ಮೀಟರ್ ಎತ್ತರದವರೆಗೆ ತಳ್ಳಬಲ್ಲದು. ಮೂರಡಿ ಡ್ರಮ್ಮಿನ ಅಂಚು ದಾಟಿಸಲು ಅದರ ಹತ್ತನೇ ಒಂದು ಭಾಗ ಸಾಕು.

ನಮ್ಮ ಅಂಗಳದಲ್ಲಿ ಬಾಯಿಯ ಕೆಲಸ ಮಾಡಿದ್ದು ಬೀದಿಯ ಕೊಳವೆ. ಮೇಲಿನಿಂದ ನೀರು ಬರುವುದು ನಿಂತಾಗ ಕೊಳವೆಯಲ್ಲಿ ಉಳಿದ ನೀರು ಇಳಿಜಾರಿನ ಮನೆಗಳ ನಲ್ಲಿಯಲ್ಲಿ ಹರಿದು ಖಾಲಿಯಾಗುತ್ತದೆ. ಹಾಗೆ ಖಾಲಿಯಾಗುವಾಗ ಎತ್ತರದ ಮನೆಗಳ ಕಡೆಯಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಗಾಳಿ ಸಿಕ್ಕರೆ ಗಾಳಿ, ನೀರು ಸಿಕ್ಕರೆ ನೀರು. ಚಿಕ್ಕವರಿದ್ದಾಗ ನೀರು ನಿಲ್ಲುವ ಹೊತ್ತಿಗೆ ನಲ್ಲಿಯ ಬಾಯಿಗೆ ಅಂಗೈ ಒತ್ತಿ ಆಡಿದ್ದು ನೆನಪಿದೆಯೇ? ಅಂಗೈ ಒಳಕ್ಕೆ ಎಳೆದಂತಾಗುತ್ತಿತ್ತು, ನಲ್ಲಿ ‘ಸುಸ್’ ಎನ್ನುತ್ತಿತ್ತು. ಅದೇ ಈ ಸೆಳೆತ.

ಅಂದರೆ ನಿಂತ ನಲ್ಲಿ ಸುಮ್ಮನೆ ಇರುವ ನಲ್ಲಿಯಲ್ಲ. ಎಷ್ಟೋ ಸಲ ಅದು ಹೀರುತ್ತಿರುವ ನಲ್ಲಿ.

ಒತ್ತಡ ಯಾವಾಗ ಬೀಳುತ್ತದೆ?

ದಿನದ 24 ಗಂಟೆಯೂ ಕೊಳವೆ ತುಂಬಿರುವ ಊರುಗಳಲ್ಲಿ ಇದು ಅಪರೂಪ. ಎಲ್ಲೋ ಮುಖ್ಯ ಕೊಳವೆ ಒಡೆದಾಗ ಅಥವಾ ಬೆಂಕಿ ನಂದಿಸಲು ಒಮ್ಮೆಲೇ ತುಂಬ ನೀರು ಎಳೆದಾಗ ಮಾತ್ರ ಆಗುತ್ತದೆ. ನಮ್ಮ ಕಡೆ ಹಾಗಲ್ಲ. ಶಿವಮೊಗ್ಗಕ್ಕೆ ತುಂಗೆಯ ನೀರು, ಭದ್ರಾವತಿಗೆ ಭದ್ರೆಯ ನೀರು. ನದಿ ತುಂಬಿ ಹರಿದರೂ ಕೊಳವೆ ಸದಾ ತುಂಬಿರಬೇಕೆಂದಿಲ್ಲ. ಹಳ್ಳಿಗಳಲ್ಲಂತೂ ನೀರುಗಂಟಿ ವಾಲ್ವ್ ತಿರುಗಿಸಿದಾಗ ನೀರು, ಇನ್ನೊಂದು ಬೀದಿಗೆ ಬಿಟ್ಟಾಗ ಇಲ್ಲ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಹೀಗೆ ಸರದಿಯಂತೆ ನೀರು ಬಿಡುವ ಕಡೆ, ಪ್ರತಿ ಸರದಿಯ ಕೊನೆಗೂ ಕೊಳವೆ ಖಾಲಿಯಾಗುವ ಒಂದು ಹೊತ್ತು ಇರುತ್ತದೆ. ಅಪಾಯದ ಹೊತ್ತು ಅದೇ.

ಇದು ಬರೀ ಊಹೆಯಲ್ಲ. ಕರ್ನಾಟಕದಲ್ಲೇ ಇದನ್ನು ಅಳೆದು ನೋಡಿದ್ದಾರೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆಯ ನೀರು ಬಂದಾಗ, ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿಗಳಿಂದ ಒಂದು ವರ್ಷ ಮಾದರಿ ಸಂಗ್ರಹಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಮಾದರಿಯಲ್ಲಿ ಇ. ಕೋಲಿ ಸಿಕ್ಕಿತು. ಮಲ ಬೆರೆತಿರುವುದರ ಗುರುತು ಈ ಬ್ಯಾಕ್ಟೀರಿಯಾ. ಸದಾ ನೀರಿರುವ ನಲ್ಲಿಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲೂ ಅದು ಸಿಗಲಿಲ್ಲ. ವ್ಯತ್ಯಾಸ ಹುಟ್ಟಿದ್ದು ದಾರಿಯಲ್ಲಿ, ಕೊಳವೆಯೊಳಗೆ. ಮುಂದಿನ ವರ್ಷದ ಇನ್ನೊಂದು ವರದಿಯಲ್ಲಿ, ನೀರು ಬಿಟ್ಟಾಗ ಮೊದಲು ಬರುವ ನೀರಿನಲ್ಲಿ ಮತ್ತು ಒತ್ತಡ ಕಡಿಮೆ ಇದ್ದಾಗ ಮಾಲಿನ್ಯ ಹೆಚ್ಚು ಎಂದು ಅವರೇ ತೋರಿಸಿದರು.

ಕೊಳವೆಯೊಳಗೆ ಕೊಳೆ ಸೇರುವುದು ಮನೆಗಳಿಂದ ಮಾತ್ರವಲ್ಲ. ಬಿರುಕು ಬಿಟ್ಟ ಜಾಯಿಂಟಿನಲ್ಲಿ ಪಕ್ಕದ ಚರಂಡಿಯ ನೀರೂ ನುಗ್ಗುತ್ತದೆ. ಜಾಯಿಂಟು ಸರಿಮಾಡುವುದು ಪಂಚಾಯಿತಿ, ಪಾಲಿಕೆಯ ಕೆಲಸ. ಮನೆಯ ಕಡೆಯ ಬಾಗಿಲು ಮುಚ್ಚುವುದು ನಮ್ಮ ಕೈಯಲ್ಲಿದೆ. ಈ ಲೇಖನ ಆ ಬಾಗಿಲಿನ ಬಗ್ಗೆ.

ಯಾವ ಯಾವ ಬಾಗಿಲು?

ನಿಮ್ಮ ಮನೆಯನ್ನೇ ಒಂದು ಸುತ್ತು ಹಾಕಿ ನೋಡಿ. ಕುಡಿಯುವ ನೀರಿನ ಪೈಪಿನ ತುದಿ ಎಲ್ಲೆಲ್ಲಿ ಬೇರೆ ನೀರನ್ನು ಮುಟ್ಟುತ್ತಿದೆ?

ಒಂದು, ಮುಳುಗಿದ ಪೈಪು. ಬಟ್ಟೆ ನೆನೆಸಿದ ಬಕೆಟ್, ಫಿನಾಯಿಲ್ ಬೆರೆಸಿದ ಬಕೆಟ್, ಬೋರ್ಡೋ ಡ್ರಮ್ಮು, ಕಳೆನಾಶಕ ತುಂಬುವ ಸ್ಪ್ರೇಯರ್. ತುದಿ ಒಳಗೆ ಬಿಟ್ಟರೆ ನೀರು ಸಿಡಿಯುವುದಿಲ್ಲ, ಕೈಯಲ್ಲಿ ಹಿಡಿದು ನಿಲ್ಲಬೇಕಿಲ್ಲ ಎಂದು ನಾವು ಹೀಗೆ ಮಾಡುತ್ತೇವೆ.

ಎರಡು, ಗುಂಡಿಯೊಳಗಿನ ನಲ್ಲಿ. ಒತ್ತಡ ಸಾಲದ ಕಡೆ ನೆಲ ಅಗೆದು, ಕೊಳವೆಯ ಮಟ್ಟದಲ್ಲೇ ನಲ್ಲಿ ಇಟ್ಟು, ಅಲ್ಲಿಂದ ಕೊಡಕ್ಕೆ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಪಾತ್ರೆ ತೊಳೆದ ನೀರು, ಮಳೆನೀರು ಆ ಗುಂಡಿಗೇ ಇಳಿಯುತ್ತದೆ. ನಲ್ಲಿ ಮುಳುಗುತ್ತದೆ. ನೀರು ನಿಂತಾಗ ಗುಂಡಿ ತಾನಾಗಿ ಖಾಲಿಯಾದರೆ ಅದು ಇಂಗಿದ್ದು ಎಂದುಕೊಳ್ಳಬೇಡಿ.

ಮೂರು, ಕೊಟ್ಟಿಗೆಯ ಬಾನಿ. ದನಕ್ಕೆ ನೀರು ತುಂಬುವ ಪೈಪು ಬಾನಿಯ ತಳದವರೆಗೆ ಇಳಿದಿರುತ್ತದೆ.

ನಾಲ್ಕು, ಶೌಚಾಲಯದ ಕೈಪೈಪು. ಕಮೋಡಿನ ಪಕ್ಕ ಸಿಕ್ಕಿಸುವ ಈ ಜೆಟ್ ಪೈಪು ಜಾರಿ ಕಮೋಡಿನೊಳಗೆ ಅಥವಾ ಬಕೆಟ್ಟಿನೊಳಗೆ ಬಿದ್ದಿರುವುದುಂಟು. ಅದು ನೇರ ಬೀದಿಯ ಸಂಪರ್ಕದಲ್ಲಿದ್ದರೆ ಏನಾಗಬಹುದೆಂದು ವಿವರಿಸಬೇಕಿಲ್ಲ.

ಐದು, ಸಂಪಿನೊಳಗೆ ಇಳಿದ ಪೈಪು. ಸಂಪಿಗೆ ನೀರು ಬರುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ನೀರು ನಿಂತಾಗ ಸಂಪಿನ ನೀರೇ ಬೀದಿಗೆ ಹೋಗುತ್ತದೆ.

ಆರನೆಯದು ಬೇರೆ ಬಗೆಯದು. ಇಲ್ಲಿ ಬೀದಿಯ ಕೊಳವೆ ಎಳೆಯುವುದಿಲ್ಲ, ನಮ್ಮ ಮನೆಯೇ ತಳ್ಳುತ್ತದೆ. ಸ್ವಂತ ಬೋರ್‌ವೆಲ್ ಇರುವವರು ಬೋರಿನ ಪೈಪನ್ನೂ ಪಂಚಾಯಿತಿ ನೀರಿನ ಪೈಪನ್ನೂ ಒಂದು ‘ಟೀ’ ಹಾಕಿ ಸೇರಿಸಿ, ಮಧ್ಯೆ ಒಂದು ವಾಲ್ವ್ ಇಡುತ್ತಾರೆ. ‘ಯಾವುದು ಬೇಕೋ ಅದನ್ನ ತಿರುಗಿಸಿಕೊಂಡರಾಯ್ತು.’ ಆದರೆ ಬೋರಿನ ಮೋಟರಿನ ಒತ್ತಡ ಬೀದಿಯ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವಾಲ್ವ್ ಮುಚ್ಚಲು ಮರೆತ ದಿನ, ಅಥವಾ ಮುಚ್ಚಿದರೂ ಸವೆದು ಸೋರುವ ದಿನ, ನಿಮ್ಮ ಬೋರಿನ ನೀರು ಇಡೀ ಬೀದಿಗೆ ಸರಬರಾಜಾಗುತ್ತದೆ.

ಇವೆಲ್ಲವನ್ನೂ ಇನ್ನಷ್ಟು ಕೆಡಿಸುವುದು ಬೀದಿಯ ಕೊಳವೆಗೆ ನೇರ ಮೋಟರ್ ಹಚ್ಚುವ ಅಭ್ಯಾಸ. ನೀವು ಮೋಟರ್ ಹಾಕಿ ಎಳೆದರೆ ಕೊಳವೆಯಲ್ಲಿ ಒತ್ತಡ ಬೀಳುತ್ತದೆ. ಆಗ ಪಕ್ಕದ ಮನೆಗೆ ನೀರು ಬರದಿರುವುದಷ್ಟೇ ಅಲ್ಲ, ಅವರ ಗುಂಡಿಯ ನೀರು ನಿಮ್ಮ ಮೋಟರಿಗೆ ಬರಲೂಬಹುದು. ಬೆಂಗಳೂರು ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ಕಾವೇರಿ ನೀರಿನ ಸಂಪರ್ಕಕ್ಕೆ ನೇರವಾಗಿ ಮೋಟರ್ ಜೋಡಿಸುವವರಿಗೆ 5,000 ರೂಪಾಯಿ ದಂಡವೆಂದು ಹೇಳಿತು. ಎಲ್ಲರಿಗೂ ಸಮಾನವಾಗಿ ನೀರು ಸಿಗಲಿ ಎಂಬುದು ಅದರ ಮುಖ್ಯ ಕಾರಣ. ಶುದ್ಧ ನೀರಿನ ಕಾರಣವೂ ಅಷ್ಟೇ ದೊಡ್ಡದು.

‘ಕ್ಲೋರಿನ್ ಹಾಕಿರ್ತಾರಲ್ಲ?’

ಹಾಕಿರುತ್ತಾರೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ, ಕ್ಲೋರಿನ್ ಹಾಕಿದ ನೀರು ಮನೆ ತಲುಪಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಸೇರುವ ಅಲ್ಪಸ್ವಲ್ಪ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಇಟ್ಟ ಕಾವಲು ಅದು. ಗುಂಡಿಯ ಕೊಳೆಯೋ ಸಗಣಿ ನೀರೋ ಒಮ್ಮೆಲೇ ಬಂದರೆ ಆ ಕಾವಲು ಕ್ಷಣದಲ್ಲಿ ಖರ್ಚಾಗುತ್ತದೆ. ರಾಸಾಯನಿಕದ ಎದುರು ಅದಕ್ಕೆ ಕೆಲಸವೇ ಇಲ್ಲ.

ನಮ್ಮ ಡ್ರಮ್ಮಿನದೇ ಲೆಕ್ಕ ನೋಡೋಣ. ಶೇ 1ರ ಬೋರ್ಡೋ ದ್ರಾವಣದ ಒಂದು ಲೀಟರಿನಲ್ಲಿ 10 ಗ್ರಾಂ ಮೈಲುತುತ್ತ ಇರುತ್ತದೆ. ಅದರ ಕಾಲು ಭಾಗ ತಾಮ್ರ, ಅಂದರೆ ಸುಮಾರು 2,500 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ಅದೇ ಮಾನಕ. ಒಂದು ಲೀಟರ್ ದ್ರಾವಣವನ್ನು ಆ ಕೊನೆಯ ಮಿತಿಗೆ ಇಳಿಸಬೇಕೆಂದರೂ ಸುಮಾರು 1,700 ಲೀಟರ್ ನೀರು ಬೇಕು. ಬೀದಿಯ ಸಣ್ಣ ಕೊಳವೆಯಲ್ಲಿ ಅಷ್ಟು ನೀರು ಎಲ್ಲಿರುತ್ತದೆ?

‘ನಾವು ಕುದಿಸಿ ಕುಡಿಯುತ್ತೇವೆ’ ಎನ್ನುವವರಿಗೂ ಇದೇ ಮಾತು. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತದೆ, ತಾಮ್ರ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಸ್ವಲ್ಪ ಗಟ್ಟಿಯೇ ಆಗುತ್ತದೆ. ಕಳೆನಾಶಕಕ್ಕೆ ಕುದಿಸುವುದು ಮದ್ದಲ್ಲ. ಇನ್ನು ಮನೆಯಲ್ಲಿ ಫಿಲ್ಟರ್ ಇರುವವರು ತಮ್ಮ ಲೋಟವನ್ನು ಉಳಿಸಿಕೊಳ್ಳಬಹುದು. ನಾವು ಬೀದಿಗೆ ಬಿಟ್ಟಿದ್ದನ್ನು ಕುಡಿಯುವುದು ಫಿಲ್ಟರ್ ಇಲ್ಲದ ಮನೆಯವರು.

‘ಇದರಿಂದ ನಿಜವಾಗಿ ಯಾರಿಗಾದರೂ ಏನಾದರೂ ಆಗಿದೆಯಾ?’

ಆಗಿದೆ. ಎಲ್ಲ ಕಡೆ ಉದಾಹರಣೆಗೆ ಕೊಡುವ ಘಟನೆ 1969ರದು, ಅಮೆರಿಕದ ವೂಸ್ಟರ್ ಎಂಬ ಊರಿನದು. ಅಲ್ಲಿನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್‌ಗಳು ನೆಲದ ಗುಂಡಿಗಳಲ್ಲಿದ್ದವು. ಪಕ್ಕದ ಮನೆಗಳ ಮಕ್ಕಳು ಅಲ್ಲಿ ನೀರಾಟ ಆಡುತ್ತಿದ್ದರು. ಅವರಲ್ಲಿ ಕೆಲವರಿಗೆ ಕಾಮಾಲೆಯ ಸೋಂಕು ಇತ್ತು. ಆಗಸ್ಟ್ ಕೊನೆಯಲ್ಲಿ ಊರಲ್ಲಿ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಒಮ್ಮೆಲೇ ನೀರು ಎಳೆದರು. ಕೊಳವೆಯ ಒತ್ತಡ ಬಿತ್ತು. ಗುಂಡಿಯಲ್ಲಿ ನಿಂತ ನೀರು ಕೊಳವೆಗೆ ಸೇರಿತು. ಅದೇ ಕೊಳವೆಯಿಂದ ಆಟಗಾರರು ನೀರು ಕುಡಿದರು. ತಂಡದ 97 ಜನರಲ್ಲಿ 90 ಮಂದಿಗೆ ಸೋಂಕು ತಗುಲಿತು. ಆ ವರ್ಷದ ಉಳಿದ ಪಂದ್ಯಗಳೆಲ್ಲ ರದ್ದಾದವು.

ಆ ಊರಿನ ನೀರು ಕೆಟ್ಟದ್ದಾಗಿರಲಿಲ್ಲ. ಒಂದು ಗುಂಡಿ, ಒಂದು ಪೈಪು, ಒಮ್ಮೆ ಬಿದ್ದ ಒತ್ತಡ, ಅಷ್ಟು ಸಾಕಾಯಿತು. ನಮ್ಮ ಗುಂಡಿ ನಲ್ಲಿಗಳಿಗೂ ಆ ಸ್ಪ್ರಿಂಕ್ಲರ್ ಗುಂಡಿಗಳಿಗೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಒತ್ತಡ ಬಿದ್ದದ್ದು ಬೆಂಕಿ ಹೊತ್ತಿಕೊಂಡಿದ್ದರಿಂದ. ನಮ್ಮಲ್ಲಿ ಅದು ನೀರು ನಿಂತಾಗಲೆಲ್ಲ ಬೀಳುತ್ತದೆ.

ಆದರೂ ಇದನ್ನು ಉತ್ಪ್ರೇಕ್ಷೆ ಮಾಡುವುದು ಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದ ಮತ್ತೊಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸದಾ ನೀರು ಬರುವ ಮನೆಗಳ ಮಕ್ಕಳಲ್ಲಿ ಸಾಮಾನ್ಯ ಭೇದಿ ಗಣನೀಯವಾಗಿ ಕಡಿಮೆಯಾಗಿರಲಿಲ್ಲ. ಭೇದಿಗೆ ಕೈ, ಪಾತ್ರೆ, ಆಹಾರ, ಹೀಗೆ ಹತ್ತು ದಾರಿಗಳಿವೆ. ಆದರೆ ಟೈಫಾಯ್ಡ್ ಬಂದಿತ್ತೆಂದು ಹೇಳಿದ ಮನೆಗಳು ಅಲ್ಲಿ ಶೇ 42ರಷ್ಟು ಕಡಿಮೆ ಇದ್ದವು. ಕೊಳವೆಯ ಶುಚಿತ್ವ ಎಲ್ಲ ಕಾಯಿಲೆಗೂ ಉತ್ತರವಲ್ಲ, ಕೆಲವು ಗಂಭೀರ ಕಾಯಿಲೆಗಳ ವಿಷಯದಲ್ಲಿ ದೊಡ್ಡ ವ್ಯತ್ಯಾಸವನ್ನೇ ಮಾಡುತ್ತದೆ.

ಪರಿಹಾರ: ಎರಡು ಬೆರಳು ಗಾಳಿ

ಚೊಂಬಿನಲ್ಲಿ ನೀರು ಕುಡಿಯುವಾಗ ‘ಕಚ್ಚಿ ಕುಡೀಬೇಡ, ಎತ್ತಿ ಕುಡಿ’ ಎಂದು ಅಜ್ಜಿಯಿಂದ ಬೈಸಿಕೊಳ್ಳದವರು ಯಾರು? ಚೊಂಬಿಗೂ ತುಟಿಗೂ ನಡುವೆ ಗಾಳಿ ಇದ್ದರೆ ಚೊಂಬು ಎಂಜಲಾಗುವುದಿಲ್ಲ. ನಲ್ಲಿಗೂ ಇದೇ ನಿಯಮ. ನಲ್ಲಿಯ ಬಾಯಿಗೂ ಪಾತ್ರೆಯ ನೀರಿಗೂ ನಡುವೆ ಗಾಳಿ ಇದ್ದರೆ, ಒತ್ತಡ ಬಿದ್ದಾಗ ಕೊಳವೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ನೀರನ್ನಲ್ಲ. ಇದಕ್ಕಿಂತ ನಂಬಿಕೆಯ ಸಾಧನವನ್ನು ಎಂಜಿನಿಯರುಗಳು ಇಂದಿಗೂ ಕಂಡುಹಿಡಿದಿಲ್ಲ, ಏಕೆಂದರೆ ಗಾಳಿ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ.

ಎಷ್ಟು ಅಂತರ? ಪೈಪಿನ ವ್ಯಾಸದ ಎರಡರಷ್ಟು, ಆದರೆ 25 ಮಿಲಿಮೀಟರಿಗಿಂತ ಕಡಿಮೆ ಬೇಡ. ಅರ್ಧ ಇಂಚಿನ ಮನೆ ನಲ್ಲಿಗೆ ಒಂದು ಇಂಚು. ಎರಡು ಬೆರಳು ಅಡ್ಡ ಹಿಡಿದರೆ ಅಷ್ಟಾಗುತ್ತದೆ. ಅಳೆಯಬೇಕಾದದ್ದು ಪಾತ್ರೆಯ ಅಂಚಿನಿಂದ, ಈಗಿರುವ ನೀರಿನ ಮಟ್ಟದಿಂದಲ್ಲ. ಏಕೆಂದರೆ ಪಾತ್ರೆ ಅಂಚಿನವರೆಗೂ ತುಂಬಬಹುದು.

ಇನ್ನು ಮಾಡಬೇಕಾದದ್ದು ಇಷ್ಟು:

• ಪೈಪಿನ ತುದಿಯನ್ನು ಬಕೆಟ್ಟು, ಡ್ರಮ್ಮು, ಬಾನಿಯ ಅಂಚಿಗಿಂತ ಮೇಲೆ ಕಟ್ಟಿ. ಔಷಧಿ ಬೆರೆಸುವುದಾದರೆ ಮೊದಲು ನೀರನ್ನು ಬೇರೆ ಪಾತ್ರೆಗೆ ಹಿಡಿದು, ನಲ್ಲಿಯಿಂದ ದೂರ ಒಯ್ದು ಬೆರೆಸಿ.

• ಕೆಲಸ ಮುಗಿದ ಮೇಲೆ ಪೈಪನ್ನು ನಲ್ಲಿಯಿಂದ ಬಿಚ್ಚಿಡಿ. ಶೌಚಾಲಯದ ಕೈಪೈಪಿನ ಹಿಂದಿನ ವಾಲ್ವ್ ಮುಚ್ಚಿ, ಕೊಕ್ಕೆಗೆ ಸಿಕ್ಕಿಸಿ.

• ಸಂಪು, ಟ್ಯಾಂಕುಗಳಿಗೆ ನೀರು ಬರುವ ಪೈಪು ಓವರ್‌ಫ್ಲೋ ಪೈಪಿಗಿಂತ ಮೇಲಿರಲಿ. ಒಳಗೆ ಉದ್ದ ಇಳಿಸಿದ್ದರೆ ಕತ್ತರಿಸಿ.

• ಬೋರಿನ ಪೈಪು ಮತ್ತು ಪಂಚಾಯಿತಿ ಪೈಪು ಎಲ್ಲೂ ಸೇರದಿರಲಿ. ಎರಡೂ ಬೇರೆ ಬೇರೆ ಬಾಯಿಯಿಂದ, ಗಾಳಿಯ ಅಂತರದಲ್ಲಿ ಟ್ಯಾಂಕಿಗೆ ಬೀಳಲಿ.

• ಗುಂಡಿ ನಲ್ಲಿ ಅನಿವಾರ್ಯವಾದರೆ ಗುಂಡಿಗೆ ಕಟ್ಟೆ ಕಟ್ಟಿಸಿ, ನೀರು ಹೊರಹೋಗಲು ದಾರಿ ಮಾಡಿ. ಅಲ್ಲಿ ಪಾತ್ರೆ ತೊಳೆಯಬೇಡಿ.

• ಮೋಟರನ್ನು ಬೀದಿಯ ಕೊಳವೆಗೆ ಹಚ್ಚದೆ ಸಂಪಿಗೆ ಹಚ್ಚಿ.

‘ಎನ್‌ಆರ್‌ವಿ ಹಾಕಿಸಿದರೆ ಸಾಲದೇ?’ ಎಂದು ಪ್ಲಂಬರ್ ಕೇಳಬಹುದು. ನೀರನ್ನು ಒಂದೇ ಕಡೆಗೆ ಬಿಡುವ ಈ ವಾಲ್ವ್ ಒಳ್ಳೆಯದೇ, ಹಾಕಿಸಿ. ಆದರೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದರ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅದು ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಗಾಳಿಯ ಅಂತರಕ್ಕೆ ಅದು ಬದಲಿಯಲ್ಲ, ಜೊತೆಗಾರ.

ತಪ್ಪಾಗಿಬಿಟ್ಟರೆ?

ಮುಚ್ಚಿಡಬೇಡಿ. ಕೂಡಲೇ ನೀರುಗಂಟಿಗೆ ಹೇಳಿ, ಅಕ್ಕಪಕ್ಕದ ಮನೆಗಳಿಗೆ ಹೇಳಿ. ಪಂಚಾಯಿತಿ ಆ ಬೀದಿಯ ಕೊಳವೆಯನ್ನು ಖಾಲಿ ಮಾಡಿ ತೊಳೆಯಬೇಕು. ಅಲ್ಲಿಯವರೆಗೆ ಆ ನೀರನ್ನು ಕುಡಿಯಬಾರದು, ಅಡುಗೆಗೂ ಬಳಸಬಾರದು. ಜಲ ಜೀವನ ಮಿಷನ್, ಅಂದರೆ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಬಂದ ಯೋಜನೆಯಡಿ ಗ್ರಾಮಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಕೊಡಲಾಗಿದೆ, ಮಹಿಳೆಯರಿಗೆ ತರಬೇತಿಯನ್ನೂ ಕೊಡಲಾಗಿದೆ. ಅದರ ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯಲ್ಲಿ ನೀರು ಕಪ್ಪಾದರೆ ಕೊಳೆ ಸೇರಿದೆ ಎಂದರ್ಥ. ನೆನಪಿಡಿ, ಆ ಬಾಟಲಿ ಕೀಟನಾಶಕವನ್ನು ಹಿಡಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ಸರದಿಯಂತೆ ನೀರು ಬರುವ ಊರಿನವರು ಇನ್ನೊಂದು ಅಭ್ಯಾಸ ಮಾಡಿಕೊಳ್ಳಬಹುದು. ನೀರು ಬಂದಾಗ ಮೊದಲ ಕೆಲವು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ, ಅಂಗಳಕ್ಕೋ ಗಿಡಕ್ಕೋ ಬಿಡಿ.

ಆ ಬೆಳಿಗ್ಗೆ ಚಿಕ್ಕಪ್ಪ ಮೊದಲು ಒಪ್ಪಲಿಲ್ಲ. ‘ನೀರು ಎಲ್ಲಾದ್ರೂ ಮೇಲಕ್ಕೆ ಹತ್ತುತ್ತಾ?’ ಎಂದರು. ನಾನು ಪೈಪನ್ನು ನಲ್ಲಿಯಿಂದ ಬಿಚ್ಚಿ ತೋರಿಸಿದೆ. ನಲ್ಲಿಯ ಬಾಯಲ್ಲಿ ನೀಲಿ ಹನಿ ನಿಂತಿತ್ತು. ಅವರು ಮಾತಾಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು. ಕೆಳಗಿನ ನಾಲ್ಕೂ ಮನೆಗೆ ಹೋಗಿ, ‘ನಮ್ಮ ಡ್ರಮ್ಮಿನ ನೀರು ಲೈನಿಗೆ ಹೋಗಿದೆ, ಇವತ್ತು ಕುಡಿಯೋಕೆ ಹಿಡೀಬೇಡಿ’ ಎಂದು ಹೇಳಿ, ನೀರುಗಂಟಿಯನ್ನು ಕರೆತಂದರು. ಹೇಳುವುದಕ್ಕೆ ಅವರಿಗೆ ಮುಜುಗರವಾಗಿತ್ತು. ಕೊನೆಯ ಮನೆಯಲ್ಲಿ ಆರು ತಿಂಗಳ ಬಾಣಂತನದ ಮಗು ಇತ್ತು.

ಈಗ ಆ ಡ್ರಮ್ಮಿನ ಮೇಲೆ ಬಿದಿರಿನ ಒಂದು ಕವೆಗೋಲು ಕಟ್ಟಿದೆ. ಹಸಿರು ಪೈಪು ಅದರ ಮೇಲೆ ಕೂರುತ್ತದೆ, ನೀರು ಒಂದು ಗೇಣು ಮೇಲಿಂದ ಸದ್ದು ಮಾಡುತ್ತ ಬೀಳುತ್ತದೆ. ಸ್ವಲ್ಪ ಸಿಡಿಯುತ್ತದೆ, ನಿಜ. ಸಿಡಿದರೆ ಒದ್ದೆಯಾಗುವುದು ನಮ್ಮ ಅಂಗಳ ಮಾತ್ರ.